ಕತ್ತಲು ಸಿನಿಮಾದ್ದೋ, ಟೀವಿಯದ್ದೋ?

‘ದಿ ಬ್ಯಾಟ್‌ಮ್ಯಾನ್’ ನೋಡಿದ ನನ್ನ ಗೆಳೆಯರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ‘ಮೂರು ಗಂಟೆ ಬರೀ ಕತ್ತಲು ಮಾರಾಯ, ಏನೂ ಕಾಣಿಸಲಿಲ್ಲ’. ಯಾವುದರಲ್ಲಿ ನೋಡಿದಿರಿ ಎಂದು ಕೇಳಿದರೆ ಒಬ್ಬ ಬಸ್ಸಿನಲ್ಲಿ ಫೋನ್ ಹಿಡಿದು ನೋಡಿದ್ದ. ಇನ್ನೊಬ್ಬ ಪಿ.ಜಿ.ಯ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ನೋಡಿದ್ದ. ಮತ್ತೊಬ್ಬನದು ಯಾರೋ ಕಳಿಸಿದ ಏಳುನೂರು ಎಂ.ಬಿ.ಯ ಕಾಪಿ. ಸಿನಿಮಾ ಕತ್ತಲಿನದು ಎಂಬುದು ನಿಜ. ಆದರೆ ಇವರು ನೋಡಿದ ಕತ್ತಲು ನಿರ್ದೇಶಕ ಮ್ಯಾಟ್ ರೀವ್ಸ್ ಮಾಡಿದ್ದೋ, ಕಾಪಿ ಮಾಡಿದ್ದೋ, ಟೀವಿ ಮಾಡಿದ್ದೋ?

ಈ ಮೂರನ್ನು ಬೇರೆ ಬೇರೆ ಮಾಡಿ ನೋಡುವುದನ್ನು ನನಗೆ ಕಲಿಸಿದ್ದು ಒಂದು ರಟ್ಟಿನ ಪೆಟ್ಟಿಗೆ ತುಂಬ ಹಳೆಯ ಡಿಸ್ಕ್‌ಗಳು ಮತ್ತು ನಮ್ಮಪ್ಪ.

ಅಪ್ಪ ನಮ್ಮೂರ ಟಾಕೀಸಿನಲ್ಲಿ ಇಪ್ಪತ್ತಾರು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದಿಂದ ಜೆನಾನ್ ದೀಪದ ಕಾಲದವರೆಗೆ ರೀಲು ಓಡಿಸಿದವರು. ಡಿಜಿಟಲ್ ಬಂದ ಮೇಲೆ ರೀಲಿನ ಡಬ್ಬಗಳು ಬರುವುದು ನಿಂತಿತು. ಮುಂದೆ ಕೆಲವೇ ವರ್ಷಗಳಲ್ಲಿ ಟಾಕೀಸು ಕಲ್ಯಾಣ ಮಂಟಪವಾಯಿತು. ಅಪ್ಪ ಈಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕಣ್ಣು ಮಾತ್ರ ಇನ್ನೂ ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲೇ ಇದೆ. ಮನೆಯಲ್ಲಿ ಯಾರೇ ಟೀವಿ ಹಾಕಲಿ, ‘ಫೋಕಸ್ ಸರಿಯಿಲ್ಲ’, ‘ಮೇಲೆ ಕೆಳಗೆ ಕತ್ತರಿಸಿದ್ದಾರೆ’ ಎಂಬ ಒಂದು ಮಾತು ಬಿದ್ದೇ ಬೀಳುತ್ತದೆ.

ಪೇಟೆಯ ಸಿ.ಡಿ. ಬಾಡಿಗೆ ಅಂಗಡಿ ಬಾಗಿಲು ಹಾಕುವಾಗ ಉಳಿದ ಡಿಸ್ಕ್‌ಗಳನ್ನು ಚಿಲ್ಲರೆ ಕಾಸಿಗೆ ಕೊಟ್ಟರು. ವಿ.ಸಿ.ಡಿ., ಡಿ.ವಿ.ಡಿ., ಕೆಲವು ಬ್ಲೂ-ರೇ. ಹುಡುಗರು ಹೆಚ್ಚಾಗಿ ಒಯ್ಯುತ್ತಿದ್ದುದು ಸೂಪರ್‌ಹೀರೊ ಸಿನಿಮಾಗಳನ್ನೇ ಆದ್ದರಿಂದ ಪೆಟ್ಟಿಗೆಯಲ್ಲೂ ಅವೇ ತುಂಬಿದ್ದವು. ಬ್ಲೂ-ರೇ ಪ್ಲೇಯರ್ ಕೊಳ್ಳಲು ದುಡ್ಡಿರಲಿಲ್ಲ. ಮಾವನ ಮಗನ ಹಳೆಯ ಪ್ಲೇಸ್ಟೇಷನ್ 3 ಬ್ಲೂ-ರೇಯನ್ನೂ ಓಡಿಸುತ್ತದೆ ಎಂದು ತಿಳಿದಾಗ ಅದನ್ನೇ ತಂದು ನಮ್ಮ 43 ಇಂಚಿನ ಟೀವಿಗೆ ಜೋಡಿಸಿದೆ. ಪದವಿ ಮುಗಿದು ಕೆಲಸವಿಲ್ಲದೆ ಮನೆಯಲ್ಲಿದ್ದ ದಿನಗಳವು. ಅರ್ಜಿ ಹಾಕುವುದು, ಉತ್ತರಕ್ಕೆ ಕಾಯುವುದು, ರಾತ್ರಿ ಅಪ್ಪನ ಜೊತೆ ಡಿಸ್ಕ್ ನೋಡುವುದು ಇಷ್ಟೇ ದಿನಚರಿ.

ಒಂದು ಲಕ್ಷದಿಂದ 83 ಲಕ್ಷಕ್ಕೆ

ಮೊದಲು ಸ್ವಲ್ಪ ಲೆಕ್ಕ. ವಿ.ಸಿ.ಡಿ.ಯ ಒಂದು ಚಿತ್ರದಲ್ಲಿ 352 ಅಡ್ಡ, 288 ನೇರ ಚುಕ್ಕಿಗಳು. ಒಟ್ಟು ಸುಮಾರು ಒಂದು ಲಕ್ಷ ಪಿಕ್ಸೆಲ್. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಪಾಲ್ ಮಾದರಿಯ ಡಿ.ವಿ.ಡಿ.ಯಲ್ಲಿ 720 ಮತ್ತು 576, ಅಂದರೆ ನಾಲ್ಕು ಲಕ್ಷ. ಬ್ಲೂ-ರೇಯಲ್ಲಿ 1920 ಮತ್ತು 1080, ಸುಮಾರು 20 ಲಕ್ಷ. 4ಕೆ ಅಲ್ಟ್ರಾ ಎಚ್‌.ಡಿ. ಡಿಸ್ಕ್‌ನಲ್ಲಿ ಅದರ ನಾಲ್ಕು ಪಟ್ಟು, ಹತ್ತಿರ ಹತ್ತಿರ 83 ಲಕ್ಷ.

ಆದರೆ ಪಿಕ್ಸೆಲ್ ಎಣಿಸಿದರೆ ಅರ್ಧ ಕತೆ ಮಾತ್ರ ಸಿಗುತ್ತದೆ. ಸೆಕೆಂಡಿಗೆ ಎಷ್ಟು ಮಾಹಿತಿ ಹರಿದು ಬರುತ್ತದೆ ಎಂಬುದು ಇನ್ನರ್ಧ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿ ಸಣ್ಣದಾದರೆ ಕೊಡ ತುಂಬುವುದಿಲ್ಲವಲ್ಲ, ಹಾಗೆ. ಡಿ.ವಿ.ಡಿ.ಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಹತ್ತು ಮೆಗಾಬಿಟ್‌ಗಿಂತ ತುಸು ಕಡಿಮೆ ಮಿತಿ. ಬ್ಲೂ-ರೇಯಲ್ಲಿ 40 ಮೆಗಾಬಿಟ್‌ವರೆಗೆ. 4ಕೆ ಡಿಸ್ಕ್ ನೂರನ್ನೂ ದಾಟಬಲ್ಲದು. ಸ್ಟ್ರೀಮಿಂಗ್‌ಗೆ ಬಂದರೆ, ಫುಲ್ ಎಚ್‌.ಡಿ. ನೋಡಲು 5 ಮೆಗಾಬಿಟ್, 4ಕೆ ನೋಡಲು 15 ಮೆಗಾಬಿಟ್ ವೇಗದ ಇಂಟರ್‌ನೆಟ್ ಸಾಕು ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಹೊಸ ತಂತ್ರಗಳು ಜಾಣತನದಿಂದ ಹಿಂಡುತ್ತವೆ, ನಿಜ. ಆದರೂ ಹಿಂಡಿದಾಗ ಏನಾದರೂ ಸೋರಿಹೋಗಲೇಬೇಕು.

ಮೊದಲು ಸೋರುವುದೇನು ಗೊತ್ತೇ? ಮಳೆ, ಹೊಗೆ, ಧೂಳು, ಬೆಂಕಿಯ ಕಿಡಿ, ವೇಗದ ಓಟ ಮತ್ತು ಕತ್ತಲಿನ ಒಳಗಿನ ಛಾಯೆಗಳು. ಸೂಪರ್‌ಹೀರೊ ಸಿನಿಮಾ ಎಂದರೆ ಇವುಗಳ ಮೊತ್ತವೇ ತಾನೆ? ಇಬ್ಬರು ಸೋಫಾದಲ್ಲಿ ಕೂತು ಮಾತಾಡುವ ಧಾರಾವಾಹಿ ಕಡಿಮೆ ಮಾಹಿತಿಯಲ್ಲೂ ಚೆನ್ನಾಗಿ ಕಾಣುತ್ತದೆ. ಗೋಥಮ್ ನಗರದ ಮಳೆ ಕಾಣುವುದಿಲ್ಲ.

2022ರ ‘ದಿ ಬ್ಯಾಟ್‌ಮ್ಯಾನ್’ ಇದಕ್ಕೆ ಒಳ್ಳೆಯ ಉದಾಹರಣೆ. ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಅದನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಆಮೇಲೆ ಅದನ್ನು ಫಿಲಂ ರೀಲಿಗೆ ಇಳಿಸಿ, ಮತ್ತೆ ಸ್ಕ್ಯಾನ್ ಮಾಡಿ ಡಿಜಿಟಲ್‌ಗೆ ತರಲಾಯಿತು. ರೀಲಿನ ಮೃದುತ್ವ ಬರಲೆಂದೇ ಈ ಸುತ್ತುದಾರಿ. ಅದರ 4ಕೆ ಡಿಸ್ಕನ್ನು ಕತ್ತಲ ಕೋಣೆಯಲ್ಲಿ, ಒಳ್ಳೆಯ ಪರದೆಯಲ್ಲಿ ಪರಿಚಿತರೊಬ್ಬರ ಸ್ಟುಡಿಯೊದಲ್ಲಿ ನೋಡಿದೆ. ಗುಂಡು ಹಾರಿದಾಗಿನ ಮಿಂಚಿನಲ್ಲಷ್ಟೇ ಕಾಣುವ ಕಾರಿಡಾರ್ ಹೊಡೆದಾಟದಲ್ಲಿ ಕಪ್ಪು ಗೋಡೆ ಬೇರೆ, ಕಪ್ಪು ಉಡುಪು ಬೇರೆ, ಕಪ್ಪು ಗಾಳಿಯೇ ಬೇರೆ. ಕಡಿಮೆ ಗಾತ್ರದ ಕಾಪಿಯಲ್ಲಿ ಈ ಮೂರೂ ಸೇರಿ ಒಂದೇ ಮಸಿಯ ಮುದ್ದೆಯಾಗುತ್ತದೆ. ಬೆಳಕು ನಿಧಾನವಾಗಿ ಕರಗಬೇಕಾದಲ್ಲಿ ಬಾವಿಯ ಮೆಟ್ಟಿಲಿನಂತೆ ಪಟ್ಟಿ ಪಟ್ಟಿ ಕಾಣುತ್ತದೆ. ಇದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ. ಇದು ಕಾಪಿಯ ದೋಷ.

ದೋಷದಂತೆ ಕಾಣುವ ಗುಣ

ಇದಕ್ಕೆ ವಿರುದ್ಧವಾದದ್ದೂ ಇದೆ. ‘ದಿ ಡಾರ್ಕ್ ನೈಟ್’ ಬ್ಲೂ-ರೇ ಹಾಕಿದ ಕೂಡಲೇ ಬ್ಯಾಂಕ್ ದರೋಡೆಯ ದೃಶ್ಯ ಟೀವಿಯನ್ನು ಪೂರ್ತಿ ತುಂಬುತ್ತದೆ. ಮುಂದೆ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬರುತ್ತವೆ, ಹಾಂಗ್‌ಕಾಂಗ್‌ನ ಗಗನಚುಂಬಿಗಳು ಬಂದಾಗ ಮತ್ತೆ ಮಾಯವಾಗುತ್ತವೆ. ಡಿಸ್ಕ್ ಹಾಳಾಗಿಲ್ಲ. 2008ರಲ್ಲಿ ಕ್ರಿಸ್ಟೊಫರ್ ನೋಲನ್ ಸುಮಾರು 28 ನಿಮಿಷದ ಭಾಗವನ್ನು ದೊಡ್ಡ ಐಮ್ಯಾಕ್ಸ್ ಫಿಲಂನಲ್ಲಿ, ಉಳಿದದ್ದನ್ನು 35 ಎಂ.ಎಂ.ನಲ್ಲಿ ತೆಗೆದರು. ಚೌಕಟ್ಟು ಬದಲಾದಾಗಲೆಲ್ಲ ಕ್ಯಾಮೆರಾ ಬದಲಾಗಿದೆ ಎಂದು ತಿಳಿಯಬೇಕು. 2021ರ ‘ಜಾಕ್ ಸ್ನೈಡರ್ಸ್ ಜಸ್ಟೀಸ್ ಲೀಗ್’ನಲ್ಲಿ ಎಡಬಲಕ್ಕೆ ಕಪ್ಪು ಪಟ್ಟಿ, ಹಳೆಯ ದೂರದರ್ಶನದಂತೆ 4:3 ಅಳತೆ. ಎತ್ತರದ ಐಮ್ಯಾಕ್ಸ್ ಪರದೆಯನ್ನು ಮನಸ್ಸಿನಲ್ಲಿಟ್ಟು ನಿರ್ದೇಶಕರೇ ಆರಿಸಿಕೊಂಡದ್ದು ಅದು. ರಿಮೋಟ್ ಒತ್ತಿ ಜೂಮ್ ಮಾಡಿದರೆ ಸೂಪರ್‌ಮ್ಯಾನ್‌ನ ತಲೆಯೇ ಹಾರುತ್ತದೆ.

1978ರ ‘ಸೂಪರ್‌ಮ್ಯಾನ್’ ಬ್ಲೂ-ರೇ ಹಾಕಿದಾಗ ಚಿತ್ರ ಮಂಜು ಮಂಜು. ನಾನು ಟೀವಿಯ ಶಾರ್ಪ್‌ನೆಸ್ ಹೆಚ್ಚಿಸಲು ಹೊರಟರೆ ಅಪ್ಪ ಕೈ ಹಿಡಿದರು. ‘ಲೆನ್ಸಿನ ಮುಂದೆ ಏನೋ ಇಟ್ಟು ತೆಗೆದಿದ್ದಾರೆ, ಮುಟ್ಟಬೇಡ’ ಎಂದರು. ಅವರ ಮಾತು ಸರಿಯಿತ್ತು. ಛಾಯಾಗ್ರಾಹಕ ಜೆಫ್ರಿ ಅನ್ಸ್‌ವರ್ತ್ ಬೆಳಕನ್ನು ಮೃದುಗೊಳಿಸುವ ಫಿಲ್ಟರ್‌ಗಳನ್ನು ಬಳಸಿದ್ದರು. ಸಿನಿಮಾ ಬಿಡುಗಡೆಯಾಗುವ ಮುನ್ನವೇ ಅವರು ತೀರಿಕೊಂಡರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ. ಆಕಾಶದಲ್ಲಿ ಮರಳಿನಂತೆ ಅಲುಗುವ ಕಣಗಳನ್ನು ತೋರಿಸಿ, ‘ಇದೇನು ಕೊಳೆಯಾ?’ ಎಂದೆ. ‘ಅದು ರೀಲಿನ ಮೈ’ ಎಂದರು ಅಪ್ಪ. ಈ ಗ್ರೇನನ್ನು ಕೊಳೆ ಎಂದುಕೊಂಡು ಸಾಫ್ಟ್‌ವೇರ್‌ನಲ್ಲಿ ಉಜ್ಜಿ ತೆಗೆದರೆ ಮುಖಗಳು ಮೇಣದ ಬೊಂಬೆಯಂತಾಗುತ್ತವೆ.

2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ನಲ್ಲಿ ಬಣ್ಣದ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅಗ್ಗದ ಕಾಮಿಕ್ ಪುಸ್ತಕದ ಅಚ್ಚು ಹಾಗೇ ಇರುತ್ತಿತ್ತು, ಅದಕ್ಕೆ. ಹೊಸಬ ಮೈಲ್ಸ್ ಆರಂಭದಲ್ಲಿ ತಡವರಿಸಿ ಚಲಿಸಿದಂತೆ ಕಾಣಲು, ಸೆಕೆಂಡಿನ 24 ಚೌಕಟ್ಟುಗಳಲ್ಲಿ ಅವನಿಗೆ 12 ಭಂಗಿಗಳನ್ನಷ್ಟೇ ಕೊಟ್ಟ ಕಡೆಗಳಿವೆ. ಪಳಗಿದ ಪೀಟರ್‌ನ ಚಲನೆ ನುಣುಪು.

ಡಬ್ಬದ ಮೇಲಿನ ಅಕ್ಷರ

ಹೊಸ ಸಿನಿಮಾ ಎಂದ ಮಾತ್ರಕ್ಕೆ ಹೆಚ್ಚು ಸ್ಪಷ್ಟ ಎಂದೂ ಹೇಳಲಾಗದು. ಸಂಕಲನ, ಗ್ರಾಫಿಕ್ಸ್, ಬಣ್ಣ ಎಲ್ಲ ಮುಗಿದ ಮೇಲೆ ಸಿದ್ಧವಾಗುವ ಮೂಲಪ್ರತಿಯ ಅಳತೆ ಮುಖ್ಯ. 2004ರ ‘ಸ್ಪೈಡರ್‌ಮ್ಯಾನ್ 2’ ಪೂರ್ತಿಯಾಗಿ 4ಕೆ ಅಳತೆಯಲ್ಲಿ ಸಿದ್ಧವಾದ ಮೊದಲ ಪ್ರಮುಖ ಚಿತ್ರ. ಎಂಟು ವರ್ಷದ ನಂತರದ ‘ದಿ ಅವೆಂಜರ್ಸ್’ ಸಿದ್ಧವಾದದ್ದು 2ಕೆಯಲ್ಲಿ. ಎರಡರ 4ಕೆ ಡಿಸ್ಕ್ ಮೇಲೂ ಅಕ್ಷರ ಒಂದೇ. ಎರಡನೆಯದರಲ್ಲಿ ಚಿತ್ರವನ್ನು ಹಿಗ್ಗಿಸಿ 4ಕೆ ಮಾಡಿರುತ್ತಾರೆ. ಅಲ್ಲಿ ಸಿಗುವ ಲಾಭ ಸ್ಪಷ್ಟತೆಗಿಂತ ಹೆಚ್ಚಾಗಿ ಎಚ್‌.ಡಿ.ಆರ್. ಕೊಡುವ ಬಣ್ಣ, ಬೆಳಕಿನದು. ಇನ್ನು ‘ದಿ ಡಾರ್ಕ್ ನೈಟ್’ನ ಮೊದಲ ಬ್ಲೂ-ರೇಯಲ್ಲಿ 35 ಎಂ.ಎಂ. ದೃಶ್ಯಗಳ ಅಂಚುಗಳನ್ನು ಕೃತಕವಾಗಿ ಚೂಪು ಮಾಡಲಾಗಿದೆ ಎಂದು ವಿಮರ್ಶಕರು ಆಗಲೇ ಗುರುತಿಸಿದ್ದರು. 2017ರಲ್ಲಿ ಅದರ 4ಕೆ ಡಿಸ್ಕ್ ಬಂತು. ಒಂದೇ ಸಿನಿಮಾಕ್ಕೂ ಡಿಸ್ಕಿನಿಂದ ಡಿಸ್ಕಿಗೆ ವ್ಯತ್ಯಾಸವಿದೆ.

ಕಿವಿಯ ಪಾಲು

ಚಿತ್ರದ ಬಗ್ಗೆ ಜಗಳವಾಡುವವರು ಧ್ವನಿಯನ್ನು ಮರೆಯುತ್ತಾರೆ. ಡಿ.ವಿ.ಡಿ.ಯ ಡಾಲ್ಬಿ ಡಿಜಿಟಲ್‌ನಲ್ಲಿ ಆರು ವಾಹಿನಿಗಳ ಶಬ್ದವನ್ನೆಲ್ಲ ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್‌ಗೆ ಹಿಂಡಿರುತ್ತಾರೆ. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ, ಡಿ.ಟಿ.ಎಸ್-ಎಚ್‌ಡಿ ಮಾಸ್ಟರ್ ಆಡಿಯೊಗಳಲ್ಲಿ ಏನೂ ಕಳೆಯುವುದಿಲ್ಲ, ಮೂಲದಲ್ಲಿದ್ದದ್ದೇ ಬರುತ್ತದೆ. ಇದರ ಬೆಲೆ ಗೊತ್ತಾಗುವುದು ಸ್ಫೋಟಗಳಲ್ಲಿ ಎಂದು ನಾನಂದುಕೊಂಡಿದ್ದೆ. ನಿಜವಾಗಿ ಗೊತ್ತಾದದ್ದು ಸಣ್ಣ ಸದ್ದಿನಲ್ಲಿ. ‘ದಿ ಡಾರ್ಕ್ ನೈಟ್’ನಲ್ಲಿ ಜೋಕರ್ ಬರುವ ಮುನ್ನ ಹಾನ್ಸ್ ಜಿಮ್ಮರ್ ತಂತಿವಾದ್ಯದ ಒಂದೇ ಸ್ವರವನ್ನು ಎಳೆದು ಎಳೆದು ಬಿಗಿಯುತ್ತಾರೆ. ಅದು ಸೊಳ್ಳೆಯ ಗುಂಯ್‌ನಷ್ಟು ಸಣ್ಣದಾಗಿ ಶುರುವಾಗುತ್ತದೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿದವನಿಗೆ ಅದು ಕೇಳುವ ಹೊತ್ತಿಗೆ ಜೋಕರ್ ಬಂದಾಗಿರುತ್ತದೆ. ಹೆದರಿಕೆಯ ಅರ್ಧ ಭಾಗ ಅಲ್ಲೇ ಹೋಯಿತು.

‘ಮಾತು ಕೇಳಿಸುವುದಿಲ್ಲ, ಬಾಂಬ್ ಮಾತ್ರ ಕಿವಿ ಒಡೆಯುತ್ತದೆ’ ಎನ್ನುವುದು ಎಲ್ಲ ಮನೆಯ ದೂರು. ಸಿನಿಮಾದಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಲ್ಲಿ ಕೂತಿರುತ್ತದೆ. ನಮ್ಮ ಟೀವಿಗೆ ಇರುವುದು ಎರಡೇ ಪುಟ್ಟ ಸ್ಪೀಕರ್, ಅವೂ ನೆಲದ ಕಡೆಗೆ ಮುಖ ಮಾಡಿರುತ್ತವೆ. ಆರು ವಾಹಿನಿಯನ್ನು ಎರಡಕ್ಕೆ ತುರುಕಿದಾಗ ಮಾತು ಮುಳುಗುತ್ತದೆ. ಇದು ಮನೆಯ ದೋಷ. ದೊಡ್ಡ ಸ್ಪೀಕರ್ ಕೊಳ್ಳಲಾಗದವರಿಗೆ ಕಿವಿ ಪೂರ್ತಿ ಮುಚ್ಚುವ ಒಂದು ಸಾಧಾರಣ ಹೆಡ್‌ಫೋನ್ ಸಾಕು.

ಮನೆಯ ದೋಷ ತೆಗೆಯಲು ಖರ್ಚೇ ಇಲ್ಲದ ದಾರಿಗಳೂ ಇವೆ. ಟೀವಿಯ ಮೆನುವಿನಲ್ಲಿ ‘ವಿವಿಡ್’ ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಆರಿಸಿ. ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಸೌಲಭ್ಯವನ್ನು ಆಫ್ ಮಾಡಿ. ಅದು ಇಲ್ಲದ ಚೌಕಟ್ಟುಗಳನ್ನು ತಾನೇ ಹುಟ್ಟಿಸಿ, ಮೈಲ್ಸ್‌ನ ತಡವರಿಕೆಯನ್ನೂ ನುಂಗುತ್ತದೆ. ಶಾರ್ಪ್‌ನೆಸ್ ಇಳಿಸಿ. ಕೋಣೆಯ ದೀಪ ಆರಿಸಿ.

ಇಷ್ಟೆಲ್ಲ ತಿಳಿದು ಏನಾಗಬೇಕು?

ಈ ಪ್ರಶ್ನೆಯನ್ನು ನಮ್ಮಮ್ಮ ದಿನಾ ಕೇಳುತ್ತಿದ್ದರು. ಕಳೆದ ವರ್ಷ ಬೆಂಗಳೂರಿನ ಒಂದು ಕಂಪನಿಯಲ್ಲಿ ವಿಡಿಯೊ ಗುಣಮಟ್ಟ ಪರೀಕ್ಷಕರ ಹುದ್ದೆಗೆ ಸಂದರ್ಶನವಿತ್ತು. ಸಿನಿಮಾ, ಸರಣಿಗಳು ಪ್ರೇಕ್ಷಕರಿಗೆ ತಲುಪುವ ಮುನ್ನ ಚಿತ್ರ, ಧ್ವನಿ, ಸಬ್‌ಟೈಟಲ್ ಸರಿಯಿದೆಯೇ ಎಂದು ನೋಡುವ ಕೆಲಸ. ಮೂರು ತುಣುಕು ತೋರಿಸಿ ದೋಷ ಹೇಳಿ ಎಂದರು. ಮೊದಲನೆಯದರಲ್ಲಿ ಕತ್ತಲ ಆಕಾಶ ಪಟ್ಟಿ ಪಟ್ಟಿಯಾಗಿತ್ತು. ಹಿಂಡಿದ್ದು ಹೆಚ್ಚಾಗಿದೆ ಎಂದೆ. ಎರಡನೆಯದರಲ್ಲಿ ಮರಳಿನಂಥ ಕಣಗಳು. ಇದು ದೋಷವಲ್ಲ, ಫಿಲಂ ಗ್ರೇನ್ ಎಂದೆ. ಮೂರನೆಯದರಲ್ಲಿ ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ. ಬೇರೊಂದು ಪರದೆಯಲ್ಲಿ ಹಾಕಿ ನೋಡಿದ ಮೇಲೇ ಫೈಲಿನ ತಪ್ಪೋ ಉಪಕರಣದ ತಪ್ಪೋ ಹೇಳಬಲ್ಲೆ ಎಂದೆ. ಸಿಕ್ಕಿದ್ದು ಆರು ತಿಂಗಳ ಗುತ್ತಿಗೆ ಕೆಲಸ. ಈಗ ಇನ್ನಾರು ತಿಂಗಳು ಮುಂದುವರಿಸಿದ್ದಾರೆ. ಸಂಬಳ ದೊಡ್ಡದಲ್ಲ, ಪಿ.ಜಿ. ಬಾಡಿಗೆ ಕಟ್ಟಿ ಮನೆಗೆ ಸ್ವಲ್ಪ ಕಳಿಸುವಷ್ಟು. ಕೆಲಸದ ವಿವರ ಕೇಳಿದ ಅಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇದು ನನ್ನ ಕೆಲಸವೇ ಅಲ್ಲವೇನೋ’ ಎಂದರು.

ಗುಣಮಟ್ಟ ಎಂದರೆ ದುಡ್ಡಿದ್ದವರ ಹವ್ಯಾಸ ಎಂದು ಹಲವರು ತಿಳಿದಿದ್ದಾರೆ. ಬ್ಯಾಟ್‌ಮ್ಯಾನ್‌ನ ಕೋಟಿನ ಮೇಲೆ ಜಾರುವ ಒಂದು ಮಳೆಹನಿಗಾಗಿ ಯಾರೋ ಒಬ್ಬರು ವಾರಗಟ್ಟಲೆ ಕಂಪ್ಯೂಟರ್ ಮುಂದೆ ಕೂತಿರಬಹುದು. ಹಾಲಿವುಡ್‌ಗೆ ಗ್ರಾಫಿಕ್ಸ್ ಮಾಡಿಕೊಡುವ ಎಂಪಿಸಿಯಂಥ ಸ್ಟುಡಿಯೊದ ದೊಡ್ಡ ಶಾಖೆ ಬೆಂಗಳೂರಿನಲ್ಲೇ ಇತ್ತು. 2025ರ ಆರಂಭದಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಕೆಲಸ ಕಳೆದುಕೊಂಡವರಲ್ಲಿ ನಮ್ಮ ವಯಸ್ಸಿನವರು ಬಹಳ. ಸ್ಟ್ರೀಮಿಂಗ್‌ನಲ್ಲಿ ಸಿನಿಮಾ ಮುಗಿದ ಕೂಡಲೇ ಹೆಸರುಗಳ ಪಟ್ಟಿ ಮೂಲೆಗೆ ಸರಿದು ಮುಂದಿನ ಸಿನಿಮಾ ಇಣುಕುತ್ತದೆ. ಡಿಸ್ಕ್‌ನಲ್ಲಿ ಹಾಗಿಲ್ಲ. ಪಾಸ್ ಒತ್ತಿ ಒಂದೊಂದೇ ಹೆಸರು ಓದಬಹುದು. ಅಲ್ಲಿ ಭಾರತೀಯ ಹೆಸರುಗಳು ಕಂಡಾಗ, ಅವರು ಮಾಡಿದ ಮಳೆಹನಿ ನಮ್ಮ ಪರದೆಯವರೆಗೆ ತಲುಪಿತೇ ಎಂದು ಕೇಳಿಕೊಳ್ಳುತ್ತೇನೆ.

ನೀವೂ ಈ ಭಾನುವಾರ ಒಂದು ಪ್ರಯೋಗ ಮಾಡಿ. ಚೆನ್ನಾಗಿ ಗೊತ್ತಿರುವ ಒಂದು ಸೂಪರ್‌ಹೀರೊ ಸಿನಿಮಾದ ಐದೇ ನಿಮಿಷವನ್ನು ಮೊದಲು ಫೋನಿನಲ್ಲಿ ನೋಡಿ. ಆಮೇಲೆ ಡಿಸ್ಕ್ ಇರುವ ಗೆಳೆಯರ ಮನೆ ಹುಡುಕಿ, ದೀಪ ಆರಿಸಿ ಅದೇ ಐದು ನಿಮಿಷ ನೋಡಿ. ಹೊಸದಾಗಿ ಕಂಡದ್ದನ್ನು, ಹೊಸದಾಗಿ ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎದುರಿಗೆ ಮೂರು ಕಾಲಂ ಹಾಕಿ: ಸಿನಿಮಾ, ಕಾಪಿ, ಮನೆ. ಯಾವುದು ಯಾವ ಕಾಲಂಗೆ ಸೇರುತ್ತದೆ ಎಂದು ವಾದ ಮಾಡುತ್ತಾ ಕೂತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ.