ಬೀದಿಗೆ ಕೇಳಿಸಿದ ಹಾಡು

ಗದುಗಿನ ಪೇಟೆಯ ಅಂಗಡಿಯೊಂದರಲ್ಲಿ ಗ್ರಾಮಫೋನಿನ ತಟ್ಟೆ ತಿರುಗುತ್ತಿತ್ತು. ಅಬ್ದುಲ್ ಕರೀಂ ಖಾನರು ಝಿಂಜೋಟಿ ರಾಗದಲ್ಲಿ ಹಾಡಿದ ಠುಮರಿ ಅದು. ಬೀದಿಯಲ್ಲಿ ನಿಂತು ಕೇಳಿದ ಹುಡುಗ ಶಾಲಾಮಾಸ್ತರರಾಗಿದ್ದ ಗುರುರಾಜಾಚಾರ್ಯ ಜೋಶಿಯವರ ಮಗ ಭೀಮಸೇನ. ಹಾಡಿನ ಭಾಷೆ ಅವನ ಮನೆಮಾತಲ್ಲ. ತಟ್ಟೆಯ ಒಂದು ಮಗ್ಗುಲು ಮುಗಿಯಲು ಮೂರು ನಿಮಿಷ ಸಾಕು. ಆದರೂ ಹಾಗೆಯೇ ಹಾಡಬೇಕೆಂಬ ಹಂಬಲ ಅವನನ್ನು ಬಿಡಲಿಲ್ಲ. 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟ.

ಮೊದಲಿನಿಂದಲೂ ಅವನು ಹಾಡಿನ ಬೆನ್ನು ಹತ್ತಿ ಹೋಗುವವನೇ. ಭಜನೆಯ ಮೇಳ ಸಾಗಿದರೆ ಹಿಂದೆಯೇ ನಡೆದು, ದಣಿದಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸೋತ ತಂದೆ ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರೆಂಬ ಕಥೆ ಪ್ರಸಿದ್ಧವಾಗಿದೆ. ಈ ಸಲ ಆ ಬರಹದಿಂದ ಪ್ರಯೋಜನವಾಗುವಂತಿರಲಿಲ್ಲ. ಹುಡುಗ ಗ್ವಾಲಿಯರ್ ಸೇರಿದ, ಮುಂದೆ ಜಾಲಂಧರಕ್ಕೂ ಹೋದ. ಅಲ್ಲಿ ವಿನಾಯಕರಾವ್ ಪಟವರ್ಧನರು ಕೊಟ್ಟ ಸಲಹೆ ಒಂದೇ: ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿಯಬೇಕು. ಸವಾಯಿ ಗಂಧರ್ವರಾದರೋ ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರು ಕುಂದಗೋಳದವರು! ದೇಶವನ್ನೆಲ್ಲ ಸುತ್ತಿ ಅರಸಿದ ಧ್ವನಿಯ ಮನೆ ನೆರೆಯಲ್ಲೇ ಇತ್ತು.

ಖಾನರು ಹುಟ್ಟಿದ್ದು ಉತ್ತರದ ಕೈರಾನಾದಲ್ಲಿ, ನೆಲೆಸಿದ್ದು ಮೀರಜದಲ್ಲಿ. ಜತ್ತದ ಕನ್ನಡಿಗರಿಗೆ ಅದು ತಮ್ಮದೇ ಜಿಲ್ಲೆಯ ಊರು, ತಂಬೂರಿ ಮಾಡುವವರ ಊರು. ಅವರ ಧ್ವನಿಯಿಂದ ದೀಕ್ಷೆ ಪಡೆದ ಭೀಮಸೇನ ಜೋಶಿಯವರು ಮುಂದೆ 'ದಾಸವಾಣಿ'ಯಲ್ಲಿ ಕನ್ನಡದ ದಾಸರ ಪದಗಳನ್ನೂ 'ಸಂತವಾಣಿ'ಯಲ್ಲಿ ಮರಾಠಿ ಅಭಂಗಗಳನ್ನೂ ಹಾಡಿದರು. ಭಾಷೆಯ ಹೆಸರಿನಲ್ಲಿ ಜಗ್ಗಾಡುವ ಈ ಗಡಿಸೀಮೆಯಲ್ಲಿ ಎರಡೂ ಕಡೆಯವರು ತಮ್ಮದೆನ್ನುವ ಕಂಠ ಅದು.

ಅಂಗಡಿಯಲ್ಲಿ ತಟ್ಟೆ ಹಾಕಿದವನಿಗೆ ಹೊರಗೆ ನಿಂತವರಾರೆಂಬುದು ತಿಳಿದಿರಲಾರದು. ಇಂದು ಹಾಡುಗಳಿಗೆ ಕೊರತೆಯಿಲ್ಲ; ಆದರೆ ಒಂದೇ ಮನೆಯಲ್ಲಿ ತಾಯಿಯ ಹಾಡು ಮಗನಿಗೆ ಕೇಳಿಸದು, ಮಗನದು ಅಜ್ಜನಿಗೆ ತಿಳಿಯದು. ಪ್ರತಿಯೊಬ್ಬರ ಕಿವಿಗೂ ಪ್ರತ್ಯೇಕ ತಂತಿ. ಶಾಲೆಯಲ್ಲಿ ಕನ್ನಡ ಕಲಿಯದ ಗಡಿಯ ಮಕ್ಕಳಿಗೆ ದಾಸರ ಪದವು ಪುಸ್ತಕದಿಂದಂತೂ ಸಿಗದು. ಅಡಿಗೆಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಹಾಡಿಕೊಂಡರೆ, ಇಲ್ಲವೇ ಮೊಬೈಲಿನ ತಂತಿ ಕಿತ್ತು ನಡುಮನೆಯಲ್ಲಿಟ್ಟರೆ, ಆಗ ಅವರ ಕಿವಿಗೆ ಬಿದ್ದೀತು.