ದೂರವಾಣಿ ಮತ್ತು ಕೇಬಲ್ ಜಾಲಗಳ ನಿರ್ವಹಣಾ ದಾಖಲೆಗಳು: ಆನವಟ್ಟಿಯ ನಿದರ್ಶನದಿಂದ ಒಂದು ವಿವೇಚನೆ

ಜಾಲವೊಂದನ್ನು ಕಟ್ಟುವುದು ಒಂದು ಕೆಲಸ. ಕಟ್ಟಿದ ಜಾಲವನ್ನು ಕೆಡದಂತೆ ನಡೆಸಿಕೊಂಡು ಬರುವುದು ಮತ್ತೊಂದು ಕೆಲಸ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಬಗಳು ಏಳುತ್ತವೆ, ತಂತಿಗಳು ಬೀದಿಯುದ್ದಕ್ಕೂ ಹಾಯುತ್ತವೆ, ಮನೆಮನೆಗೆ ಉಪಕರಣಗಳು ಬರುತ್ತವೆ. ಎರಡನೆಯದು ಕಡತಗಳಲ್ಲಿಯೂ ಗಣಕಯಂತ್ರಗಳಲ್ಲಿಯೂ ಅಡಗಿರುವುದರಿಂದ, ಎಲ್ಲಿಯಾದರೂ ತೊಡಕುಂಟಾದಾಗ ಮಾತ್ರ ಜನರ ಗಮನಕ್ಕೆ ಬರುತ್ತದೆ. ಹೊಸ ಸಂಪರ್ಕವನ್ನು ಕೊಡುವುದು, ದೋಷವನ್ನು ಕಂಡುಹಿಡಿಯುವುದು, ಬಳಕೆಯನ್ನು ಅಳೆದು ಶುಲ್ಕ ವಿಧಿಸುವುದು ಮೊದಲಾದ ಕಾರ್ಯಗಳಿಗೆ ಆಧಾರವಾಗಿರುವ ಸಾಧನಗಳ ಸಮುದಾಯವನ್ನು ತಂತ್ರಜ್ಞರು ಆಪರೇಷನ್ಸ್ ಸಪೋರ್ಟ್ ಸಿಸ್ಟಮ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ನಿರ್ವಹಣಾ ಬೆಂಬಲ ವ್ಯವಸ್ಥೆಯೆನ್ನಬಹುದು.

ಇತಿಹಾಸದ ವಿದ್ಯಾರ್ಥಿಗೆ ಈ ವಿಷಯದಿಂದ ಏನು ಪ್ರಯೋಜನವೆಂಬ ಪ್ರಶ್ನೆ ಏಳುವುದು ಸಹಜ. ಈ ವ್ಯವಸ್ಥೆಯ ಹುರುಳು ಯಂತ್ರದಲ್ಲಿಲ್ಲ, ದಾಖಲೆಯಲ್ಲಿದೆ ಎಂಬುದೇ ಅದಕ್ಕೆ ಉತ್ತರ. ನೆಲದ ಮೇಲಿರುವ ತಂತಿಗೂ ಪುಸ್ತಕದಲ್ಲಿರುವ ಬರೆಹಕ್ಕೂ ಹೊಂದಿಕೆಯಿರುವವರೆಗೆ ಜಾಲ ನಡೆಯುತ್ತದೆ. ಹೊಂದಿಕೆ ತಪ್ಪಿದರೆ ತಂತಿ ಗಟ್ಟಿಯಾಗಿದ್ದರೂ ಸೇವೆ ನಿಲ್ಲುತ್ತದೆ. ಈ ಮಾತನ್ನು ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಆನವಟ್ಟಿಯಂತಹ ಊರನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ತಾಮ್ರದ ತಂತಿಯ ಕಾಲವನ್ನು ನೋಡೋಣ. ವಿನಿಮಯ ಕೇಂದ್ರದಿಂದ ಹೊರಟ ಜೋಡಿತಂತಿ ಮೊದಲು ಮುಖ್ಯ ಹಂಚಿಕೆ ಚೌಕಟ್ಟನ್ನು ಹಾಯುತ್ತದೆ. ಅಲ್ಲಿಂದ ನೆಲದೊಳಗಿನ ಕೇಬಲ್ಲಿನಲ್ಲಿ ಸಾಗಿ ರಸ್ತೆಬದಿಯ ಪಿಲ್ಲರನ್ನು ಸೇರುತ್ತದೆ. ಬಳಿಕ ಕಂಬದ ಮೇಲಿನ ಹಂಚಿಕೆ ಪೆಟ್ಟಿಗೆಗೆ ಏರಿ, ಕಡೆಗೆ ಗ್ರಾಹಕನ ಮನೆಯನ್ನು ಮುಟ್ಟುತ್ತದೆ. ಒಂದೇ ಕೇಬಲ್ಲಿನೊಳಗೆ ನೂರಾರು ಜೋಡಿಗಳಿರುವಾಗ ಯಾವ ಜೋಡಿ ಯಾರದೆಂಬುದನ್ನು ಕಣ್ಣಿನಿಂದ ಕಂಡು ಹೇಳಲಾಗದು. ಆದುದರಿಂದ ಪ್ರತಿಯೊಂದು ಸಂಖ್ಯೆಗೂ ಒಂದೊಂದು ಚೀಟಿಯಿದ್ದು, ಚೌಕಟ್ಟಿನ ಸ್ಥಾನ, ಪಿಲ್ಲರಿನ ಜೋಡಿ, ಕಂಬದ ಪೆಟ್ಟಿಗೆ ಇವುಗಳನ್ನು ಅದರಲ್ಲಿ ಬರೆದಿಡುತ್ತಿದ್ದರು. 198ನೆಯ ಸಂಖ್ಯೆಗೆ ಬಂದ ದೂರನ್ನು ದಾಖಲಿಸಿಕೊಂಡವನು ಈ ವಿವರಗಳ ಆಧಾರದಿಂದಲೇ ಲೈನ್‌ಮನ್ನನನ್ನು ಕಳುಹಿಸಬೇಕಾಗಿದ್ದಿತು. ಮಳೆಗಾಲದಲ್ಲಿ ಜೋಡಿಯೊಂದು ಕೆಟ್ಟು, ಲೈನ್‌ಮನ್ನನು ಅವಸರದಲ್ಲಿ ಬೇರೊಂದು ಜೋಡಿಗೆ ಸಂಪರ್ಕವನ್ನು ಬದಲಿಸಿ, ಆ ಬದಲಾವಣೆಯನ್ನು ಬರೆದಿಡದೆ ಹೋದರೆ, ಮುಂದಿನ ದೂರಿನ ವೇಳೆಗೆ ಆ ಚೀಟಿ ಸುಳ್ಳಾಗುತ್ತಿದ್ದಿತು. ಇಂತಹ ಸಣ್ಣ ಲೋಪಗಳು ಕೂಡುತ್ತ ಹೋದಂತೆ ಜಾಲದ ನಿಜವಾದ ನಕ್ಷೆ ಪುಸ್ತಕದಲ್ಲಿ ಉಳಿಯದೆ ಒಬ್ಬಿಬ್ಬರ ನೆನಪಿನಲ್ಲಿ ಮಾತ್ರ ಉಳಿಯುವುದು. ಅವರಿಗೆ ವರ್ಗವಾದರೆ ಅಥವಾ ನಿವೃತ್ತಿಯಾದರೆ ಅದೂ ಇಲ್ಲವಾಗುವುದು.

ಶುಲ್ಕದ ಲೆಕ್ಕವೂ ದಾಖಲೆಯ ಪ್ರಶ್ನೆಯೇ. ಹಳೆಯ ವಿದ್ಯುದ್ಯಾಂತ್ರಿಕ ಕೇಂದ್ರಗಳಲ್ಲಿ ಪ್ರತಿ ಗ್ರಾಹಕನಿಗೂ ಒಂದು ಮಾಪಕವಿದ್ದು, ಅದರ ಅಂಕಿಯನ್ನು ನಿಯತಕಾಲಕ್ಕೆ ಬರೆದುಕೊಂಡು ಅಥವಾ ಅದರ ಛಾಯಾಚಿತ್ರ ತೆಗೆದು ಬಿಲ್ಲನ್ನು ಸಿದ್ಧಪಡಿಸುತ್ತಿದ್ದರು. ಊರಿನೊಳಗಿನ ಕರೆಯೂ ದೂರದೂರಿನ ಕರೆಯೂ ಅದೇ ಮಾಪಕವನ್ನು ತಿರುಗಿಸುತ್ತಿದ್ದವು; ದೂರದ ಕರೆಯಾದರೆ ಅಂಕಿ ಬೇಗಬೇಗನೆ ಏರುತ್ತಿದ್ದಿತು, ಅಷ್ಟೆ. ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಭಾರತದ ದೂರವಾಣಿ ವ್ಯವಸ್ಥೆಯಲ್ಲಿ ಶುಲ್ಕವಲಯದ ಗಡಿ ಬಹುಮಟ್ಟಿಗೆ ತಾಲ್ಲೂಕಿನ ಗಡಿಯನ್ನೇ ಅನುಸರಿಸುತ್ತದೆ. ಸೊರಬದ ಸಂಕೇತ 08184, ಶಿಕಾರಿಪುರದ್ದು 08187. ಹೀಗಾಗಿ ಸೊರಬಕ್ಕೆ ಸೇರಿದ ಆನವಟ್ಟಿಯೂ ಶಿಕಾರಿಪುರಕ್ಕೆ ಸೇರಿದ ಶಿರಾಳಕೊಪ್ಪವೂ ನೆರೆಹೊರೆಯ ಊರುಗಳಾದರೂ ದೂರವಾಣಿಯ ಪುಸ್ತಕದಲ್ಲಿ ಬೇರೆಬೇರೆ ವಲಯಗಳಾದವು. ಕಂದಾಯಕ್ಕಾಗಿ ಎಳೆದ ಗೆರೆ ಮಾತಿನ ಬೆಲೆಯನ್ನೂ ನಿರ್ಧರಿಸಿದ ಬಗೆ ಇದು. ಗ್ರಾಹಕನು ಬಿಲ್ಲನ್ನು ಪ್ರಶ್ನಿಸಿದರೆ ಎರಡು ಪಕ್ಷಗಳ ನಡುವೆ ಇದ್ದ ಸಾಕ್ಷ್ಯ ಮಾಪಕದ ಮೊತ್ತವೊಂದೇ. ಯಾವ ದಿನ, ಯಾರಿಗೆ, ಎಷ್ಟು ಹೊತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಈ ಸ್ಥಿತಿ ಬದಲಾದುದು ವಿನಿಮಯ ಕೇಂದ್ರವೇ ಗಣಕಯಂತ್ರವಾದ ಮೇಲೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗಾಗಿ 128 ಪೋರ್ಟುಗಳ ಸಣ್ಣ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಅದರಲ್ಲಿ ಮೊದಲನೆಯದು 1986ರ ಜುಲೈ ತಿಂಗಳಿನಲ್ಲಿ ನಮ್ಮ ನಾಡಿನ ಕಿತ್ತೂರಿನಲ್ಲಿಯೇ ಕೆಲಸಮಾಡತೊಡಗಿತು. ಹವಾನಿಯಂತ್ರಣದ ಅಗತ್ಯವಿಲ್ಲದೆ ಹಳ್ಳಿಯ ಸಾಮಾನ್ಯ ಕೊಠಡಿಯಲ್ಲಿ ನಡೆಯಬಲ್ಲದೆಂಬುದು ಅದರ ಹಿರಿಮೆಯೆಂದು ಎಲ್ಲರೂ ಬಲ್ಲರು. ನಮ್ಮ ವಿಷಯಕ್ಕೆ ಮುಖ್ಯವಾದುದು ಮತ್ತೊಂದು: ವಿದ್ಯುನ್ಮಾನ ಕೇಂದ್ರವು ತನ್ನ ದೋಷವನ್ನು ತಾನೇ ಗುರುತಿಸಿ ಎಚ್ಚರಿಸಬಲ್ಲದು, ಕರೆಗಳನ್ನು ತಾನೇ ಎಣಿಸಬಲ್ಲದು. 2000ದ ಅಕ್ಟೋಬರ್ 1ರಂದು ಭಾರತ ಸಂಚಾರ ನಿಗಮವು ಅಸ್ತಿತ್ವಕ್ಕೆ ಬಂದ ಬಳಿಕ, ಕರೆಕರೆಗೂ ಪ್ರತ್ಯೇಕ ದಾಖಲೆಯನ್ನು ಸಂಗ್ರಹಿಸಿ, ದೇಶದ ಕೆಲವೇ ದತ್ತಕೇಂದ್ರಗಳಲ್ಲಿ ಬಿಲ್ಲನ್ನು ಸಿದ್ಧಪಡಿಸುವ ಪದ್ಧತಿ ನೆಲೆಗೊಂಡಿತು. ಸಾಕ್ಷ್ಯ ಸ್ಪಷ್ಟವಾಯಿತು, ಆದರೆ ಅದು ಊರಿನಿಂದ ದೂರವಾಯಿತು.

ಇನ್ನು ಕೇಬಲ್ಲಿನ ಜಾಲವನ್ನು ಪರಿಶೀಲಿಸಬಹುದು. ದೂರದರ್ಶನದ ಕಾರ್ಯಕ್ರಮಗಳನ್ನು ಮನೆಗಳಿಗೆ ಹಂಚುವುದಕ್ಕಾಗಿ ಹುಟ್ಟಿದ ಈ ಜಾಲಕ್ಕೆ ನಮ್ಮಲ್ಲಿ ಶಾಸನದ ಚೌಕಟ್ಟು ದೊರೆತದ್ದು 1995ರ ಕೇಬಲ್ ಟೆಲಿವಿಷನ್ ಜಾಲಗಳ ಅಧಿನಿಯಮದಿಂದ. ಅದೇ ಕೇಬಲ್ಲಿನಲ್ಲಿ ದತ್ತಾಂಶವನ್ನೂ ಮಾತನ್ನೂ ಸಾಗಿಸುವ ಪ್ರಯತ್ನ ಅಮೆರಿಕದಲ್ಲಿ ನಡೆದು, 1988ರಲ್ಲಿ ಕೇಬಲ್ ಕಂಪನಿಗಳು ಕೂಡಿ ಸ್ಥಾಪಿಸಿದ ಕೇಬಲ್‌ಲ್ಯಾಬ್ಸ್ ಎಂಬ ಸಂಸ್ಥೆಯು 1997ರಲ್ಲಿ ಡಾಕ್ಸಿಸ್ ಎಂಬ ಮಾನಕವನ್ನು ಪ್ರಕಟಿಸಿತು. ಭಾರತದ ದೊಡ್ಡ ನಗರಗಳಲ್ಲಿ ಈ ಮಾನಕದ ಮೋಡೆಮುಗಳು ಬಳಕೆಗೆ ಬಂದವು.

ಮನೆಯ ಮೋಡೆಮನ್ನು ಚಾಲೂ ಮಾಡಿದಾಗ ನಡೆಯುವುದು ಹೀಗೆ. ಅದು ಮೊದಲು ಕೇಬಲ್ಲಿನಲ್ಲಿ ಬರುತ್ತಿರುವ ಸಂಕೇತವನ್ನು ಹುಡುಕಿಕೊಳ್ಳುತ್ತದೆ. ಮೂಲಕೇಂದ್ರದ ಯಂತ್ರದೊಡನೆ ಕಾಲವನ್ನೂ ಸಂಕೇತದ ಬಲವನ್ನೂ ಹೊಂದಿಸಿಕೊಳ್ಳುತ್ತದೆ. ಬಳಿಕ 12 ಅಕ್ಷರಾಂಕಿಗಳ ತನ್ನ ಗುರುತನ್ನು ತಿಳಿಸಿ ವಿಳಾಸವೊಂದನ್ನು ಬೇಡುತ್ತದೆ. ವಿಳಾಸದ ಜೊತೆಗೆ ಒಂದು ಕಡತದ ಹೆಸರೂ ಬರುತ್ತದೆ. ಆ ಕಡತದಲ್ಲಿ ಈ ಗ್ರಾಹಕನಿಗೆ ಎಷ್ಟು ವೇಗ ಸಲ್ಲಬೇಕು, ಯಾವ ಸೇವೆಗಳು ಸಲ್ಲಬೇಕು ಎಂಬ ವಿವರಗಳಿರುತ್ತವೆ. ಅದನ್ನು ತರಿಸಿಕೊಂಡು ನೋಂದಣಿಯಾದ ಮೇಲೆಯೇ ಸೇವೆ ಆರಂಭ. ದೂರವಾಣಿಯೂ ಇದ್ದರೆ ಮೋಡೆಮಿನೊಳಗಿನ ಧ್ವನಿಭಾಗಕ್ಕೆ ಸಂಖ್ಯೆಯನ್ನು ಹೊಂದಿಸಿ, ಕರೆಗಳನ್ನು ನಡೆಸುವ ಯಂತ್ರಕ್ಕೆ ತಿಳಿಸಬೇಕು. ಪ್ರತಿ ಕರೆಯ ಆರಂಭವನ್ನೂ ಅಂತ್ಯವನ್ನೂ ಬಿಲ್ಲಿಗಾಗಿ ದಾಖಲಿಸಬೇಕು. ಹಿಂದಿನ ಚೀಟಿಯ ಸ್ಥಾನವನ್ನು ಇಲ್ಲಿ ಆ 12 ಅಕ್ಷರಾಂಕಿಗಳು ವಹಿಸಿವೆ. ಅವುಗಳಲ್ಲಿ ಒಂದನ್ನು ತಪ್ಪಾಗಿ ಬರೆದರೆ ಮೋಡೆಮ್ ಸರಿಯಿದ್ದರೂ, ಕೇಬಲ್ ಸರಿಯಿದ್ದರೂ, ಜಾಲದ ಪಾಲಿಗೆ ಆ ಗ್ರಾಹಕನು ಇಲ್ಲವೇ ಇಲ್ಲ.

ಕೇಬಲ್ ಜಾಲದ ದೋಷಗಳ ಸ್ವಭಾವವೂ ಬೇರೆ. ತಾಮ್ರದ ಜೋಡಿ ಒಬ್ಬನಿಗೆ ಮೀಸಲು. ಏಕಾಕ್ಷ ಕೇಬಲ್ಲಾದರೋ ಬೀದಿಯ ಎಲ್ಲ ಮನೆಗಳಿಗೂ ಸಮಾನ. ಮನೆಗಳಿಂದ ಕೇಂದ್ರದ ಕಡೆಗೆ ಹೋಗುವ ಸಂಕೇತಗಳೆಲ್ಲ ಒಂದೇ ಹಾದಿಯಲ್ಲಿ ಕೂಡುವುದರಿಂದ, ಯಾವುದೋ ಒಂದು ಮನೆಯ ಸಡಿಲವಾದ ಕೊಂಡಿಯ ಮೂಲಕ ಒಳನುಗ್ಗಿದ ಗದ್ದಲ ಎಲ್ಲರ ಸೇವೆಯನ್ನೂ ಕೆಡಿಸಬಲ್ಲದು. ದೂರು ಕೊಟ್ಟವನ ಮನೆಯಲ್ಲಿ ದೋಷವಿರಲೇಬೇಕೆಂದಿಲ್ಲ. ಹಲವು ಮೋಡೆಮುಗಳ ಅಳತೆಗಳನ್ನು ಒಟ್ಟಿಗೆ ನೋಡಿ, ಯಾವ ಕವಲಿನಲ್ಲಿ ಕೆಡುಕಿದೆಯೆಂದು ಊಹಿಸಬೇಕು. ಯಾವ ಮನೆ ಯಾವ ಕವಲಿಗೆ ಸೇರಿದೆಯೆಂಬ ದಾಖಲೆ ಸರಿಯಿಲ್ಲದಿದ್ದರೆ ಈ ಊಹೆಗೆ ನೆಲೆಯೇ ಇರದು. ಮತ್ತೊಂದು ಭೇದವೂ ಉಂಟು. ತಾಮ್ರದ ದೂರವಾಣಿಗೆ ವಿದ್ಯುತ್ತು ವಿನಿಮಯ ಕೇಂದ್ರದಿಂದ, 48 ವೋಲ್ಟಿನಷ್ಟು, ತಂತಿಯಲ್ಲಿಯೇ ಬರುತ್ತಿದ್ದಿತು. ಮೋಡೆಮಿಗೆ ಮನೆಯ ವಿದ್ಯುತ್ತೇ ಗತಿ. ಗಾಳಿಮಳೆಗೆ ವಿದ್ಯುತ್ತು ಹೋದಾಗ ಕೇಂದ್ರದ ಪರದೆಯ ಮೇಲೆ ಬೀದಿಗೆ ಬೀದಿಯೇ ಕೆಟ್ಟಂತೆ ತೋರುತ್ತದೆ. ಅದು ಕೇಬಲ್ಲಿನ ದೋಷವೋ ವಿದ್ಯುತ್ತಿನ ಕೊರತೆಯೋ ಎಂಬುದನ್ನು ಸ್ಥಳದಲ್ಲಿರುವವನು ಒಂದೇ ಮಾತಿನಲ್ಲಿ ಹೇಳಬಲ್ಲನು.

ಆನವಟ್ಟಿಯಂತಹ ಊರುಗಳಲ್ಲಿ ಈ ಎರಡು ಪರಂಪರೆಗಳು ಬೇರೊಂದು ದಾರಿಯಿಂದ ಕೂಡಿವೆ. ಕೇಬಲ್ ಟಿ.ವಿ. ಅಂಕೀಯ ರೂಪಕ್ಕೆ ತಿರುಗುವ ಕಡೆಯ ಹಂತದಲ್ಲಿ, 2017ರ ಮಾರ್ಚ್ ಅಂತ್ಯದ ಗಡುವಿನೊಡನೆ, ಗ್ರಾಮೀಣ ಪ್ರದೇಶಗಳೂ ಸೇರಿದವು. ಅಂದಿನಿಂದ ಸ್ಥಳೀಯ ನಿರ್ವಾಹಕನ ಕೈಬರೆಹದ ವಸೂಲಿ ಪುಸ್ತಕದ ಜಾಗಕ್ಕೆ ಎರಡು ಗಣಕ ದಾಖಲೆಗಳು ಬಂದವು: ಗ್ರಾಹಕನ ಹೆಸರು, ಆಯ್ಕೆ, ಶುಲ್ಕಗಳನ್ನು ಹಿಡಿದಿಡುವ ಗ್ರಾಹಕ ನಿರ್ವಹಣಾ ವ್ಯವಸ್ಥೆ ಒಂದು, ಪೆಟ್ಟಿಗೆಗೆ ಯಾವ ವಾಹಿನಿ ತೆರೆಯಬೇಕೆಂದು ಆಜ್ಞೆ ಕೊಡುವ ವ್ಯವಸ್ಥೆ ಮತ್ತೊಂದು. ಇವೆರಡಕ್ಕೂ ತಾಳೆಯಿರಬೇಕೆಂದೂ, ಎರಡು ವರ್ಷಗಳ ದಾಖಲೆಯನ್ನು ಉಳಿಸಿರಬೇಕೆಂದೂ, ಲೆಕ್ಕಪರಿಶೋಧನೆ ನಡೆಯಬೇಕೆಂದೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2017ರ ನಿಯಮಗಳಲ್ಲಿ ವಿಧಿಸಿತು. ಅತ್ತ ಭಾರತ ಸಂಚಾರ ನಿಗಮವು ದ್ಯುತಿತಂತುವಿನ ದೂರವಾಣಿ ಮತ್ತು ಅಂತರಜಾಲ ಸೇವೆಯನ್ನು ಮನೆಗಳಿಗೆ ಮುಟ್ಟಿಸಲು ಸ್ಥಳೀಯ ಕೇಬಲ್ ನಿರ್ವಾಹಕರೊಡನೆ ವರಮಾನ ಹಂಚಿಕೆಯ ಒಪ್ಪಂದಗಳನ್ನು ಮಾಡಿಕೊಳ್ಳತೊಡಗಿತು. ತಂತು ಒಬ್ಬರದು, ಸಂಖ್ಯೆ ಇನ್ನೊಬ್ಬರದು, ದಾಖಲೆ ದೂರದ ದತ್ತಕೇಂದ್ರದಲ್ಲಿ. ಹೀಗಿರುವಲ್ಲಿ ಗ್ರಾಹಕನ ದೂರು ಯಾರ ಪುಸ್ತಕದಲ್ಲಿ ಏರಬೇಕೆಂಬುದು ಬರಿಯ ತಾಂತ್ರಿಕ ಪ್ರಶ್ನೆಯಲ್ಲ. 2012ರ ದೂರು ಪರಿಹಾರ ನಿಯಮಗಳು ದೂರವಾಣಿ ಗ್ರಾಹಕನ ಪ್ರತಿ ದೂರಿಗೂ ಒಂದು ಸಂಖ್ಯೆಯನ್ನು ಕೊಡಬೇಕೆಂದು ವಿಧಿಸಿದುದರ ಮಹತ್ತ್ವ ಇಲ್ಲಿಯೇ ಇದೆ. ಸಂಖ್ಯೆ ಪಡೆದ ದೂರಿಗೆ ಮೇಲ್ಮನವಿಯುಂಟು. ಬಾಯಿಮಾತಿನ ದೂರಿಗೆ ಇಲ್ಲ.

ಈ ಸೀಮೆಗೆ ಇಂತಹ ಪ್ರಶ್ನೆ ಹೊಸದಲ್ಲ. 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳನ್ನು ಓದಿದವರಿಗೆ, ದತ್ತಿಯ ಭೂಮಿಗೆ ಎಲ್ಲೆ ಹೇಳುವಾಗ ನಮ್ಮ ಹಿರಿಯರು ತೋರಿದ ಎಚ್ಚರ ತಿಳಿದೇ ಇದೆ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನ ಶಿಸ್ತು ನೆಲದ ಗುಣವನ್ನು ನೋಡಿ ಕಂದಾಯವನ್ನು ಗೊತ್ತುಮಾಡಿತು. ಬಳಿಕ ಶಾನುಭೋಗರ ಕಡತಗಳು ಬಂದವು. 2000ದ ಸುಮಾರಿಗೆ ಪಹಣಿಗಳು ಭೂಮಿ ಯೋಜನೆಯ ಗಣಕಯಂತ್ರಗಳನ್ನು ಸೇರಿದವು. ಪ್ರತಿ ಹಂತದಲ್ಲಿಯೂ ದಾಖಲೆ ನೆಲದಿಂದ ಒಂದಿಷ್ಟು ದೂರ ಸರಿಯಿತು; ನೆಲಕ್ಕೂ ಬರೆಹಕ್ಕೂ ತಾಳೆಯಿದೆಯೇ ಎಂದು ನೋಡುವವರ ಅಗತ್ಯ ಮಾತ್ರ ಕಡಮೆಯಾಗಲಿಲ್ಲ. ದೂರವಾಣಿಯ ದಾಖಲೆಯೂ ಇದೇ ದಾರಿಯಲ್ಲಿ ಸಾಗಿದೆ.

ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಸಣ್ಣ ಊರಿನ ಸೇವೆ ಸುಧಾರಿಸಬೇಕಾದರೆ ಹೊಸ ತಂತುವನ್ನು ಎಳೆದರೆ ಸಾಲದು. ಸ್ಥಳದಲ್ಲಿ ದುಡಿಯುವವನಿಗೆ ದಾಖಲೆಯನ್ನು ನೋಡುವ ಮತ್ತು ತಿದ್ದಿಸುವ ಅವಕಾಶವಿರಬೇಕು. ಎರಡನೆಯದು ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದುದು. ಕರೆಗಳ ದಾಖಲೆಯನ್ನು ಇರಿಸಬೇಕಾದ ಅವಧಿಯನ್ನು 2021ರ ಡಿಸೆಂಬರಿನಲ್ಲಿ ಒಂದು ವರ್ಷದಿಂದ ಎರಡು ವರ್ಷಗಳಿಗೆ ಏರಿಸಲಾಯಿತು. ಜನರ ಖಾಸಗಿ ಮಾತುಕತೆಗೆ ಸೇರಿದ ಈ ದಾಖಲೆಗಳು ಕಾಲಕ್ರಮದಲ್ಲಿ ಅಳಿಯುವುದು ಯುಕ್ತವೇ. ಆದರೆ ಕೇಬಲ್ಲಿನ ನಕ್ಷೆಗಳು, ಕಂಬಗಳ ಪಟ್ಟಿಗಳು, ದೋಷಗಳ ರಿಜಿಸ್ಟರುಗಳು, ಜಿಲ್ಲಾ ದೂರವಾಣಿ ಕೈಪಿಡಿಗಳು, ಕೇಬಲ್ ನಿರ್ವಾಹಕರ ಹಳೆಯ ವಸೂಲಿ ಪುಸ್ತಕಗಳು ಅಂತಹವಲ್ಲ. ಯಾವ ಬೀದಿಗೆ ಸಂಪರ್ಕ ಮೊದಲು ಬಂದಿತು, ಯಾವ ಕೇರಿಗೆ ಕಡೆಗೆ ಬಂದಿತು, ಎಲ್ಲಿಯ ದೋಷ ಬೇಗ ಸರಿಯಾಯಿತು ಎಂಬುದನ್ನು ಹೇಳಬಲ್ಲ ಆಧಾರಗಳು ಇವೇ. ತಾಮ್ರದ ತಂತಿಗಳನ್ನು ಕಳಚುವ ಕಾಲದಲ್ಲಿ ಇವನ್ನು ರದ್ದಿಗೆ ಹಾಕುವುದು ಸುಲಭ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇವುಗಳನ್ನು ಹುಡುಕಿ, ಒಡೆಯರ ಒಪ್ಪಿಗೆ ಪಡೆದು ಪ್ರತಿಮಾಡಿಕೊಂಡು, ನಿವೃತ್ತರಾದ ಲೈನ್‌ಮನ್ನರ ಹೇಳಿಕೆಗಳೊಡನೆ ತಾಳೆನೋಡಿದರೆ, ಮುಂದಿನವರಿಗೆ ಈ ಕಾಲದ ಇತಿಹಾಸವನ್ನು ಬರೆಯಲು ಸಾಮಗ್ರಿ ಉಳಿಯುವುದು.