ಚಲನಚಿತ್ರದ ಪಾಠಸಂಪಾದನೆ: ‘ಜಾಕ್ಯೂಸ್’ ಮತ್ತು ಹಾವೇರಿ ಸೀಮೆಯ ಸಂತಚಿತ್ರಗಳ ಸಾಂದ್ರಮುದ್ರಿಕೆಗಳು

ಸರ್ವಜ್ಞನ ತ್ರಿಪದಿಗಳನ್ನು ಅಭ್ಯಸಿಸುವವರು ಅರ್ಥವಿವೇಚನೆಗೆ ಮುನ್ನ ಪಾಠವಿವೇಚನೆಗೆ ತೊಡಗಬೇಕಾಗುತ್ತದೆ. ಉತ್ತಂಗಿ ಚನ್ನಪ್ಪನವರು ಹಲವು ಹಸ್ತಪ್ರತಿಗಳನ್ನು ಸಂಗ್ರಹಿಸಿ, ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದ ಮೇಲೆ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಆ ಕವಿಯನ್ನು ಕುರಿತು ಬರೆಯುವುದು ಸಾಧ್ಯವಿಲ್ಲವಾಯಿತು. ಆದರೆ ಅದೇ ಸರ್ವಜ್ಞನನ್ನು ಕುರಿತ ಚಲನಚಿತ್ರವನ್ನು ಚರ್ಚಿಸುವಾಗ ಈ ಎಚ್ಚರ ಕಾಣೆಯಾಗುತ್ತದೆ. ಅಂಗಡಿಯಲ್ಲಿ ದೊರೆತ ಸಾಂದ್ರಮುದ್ರಿಕೆಯೇ ಚಿತ್ರವೆಂದು ಭಾವಿಸಿ ಸಂಶೋಧಕರೂ ಮುಂದುವರಿಯುತ್ತಾರೆ. ಚಿತ್ರವೊಂದರ ಮನೆಬಳಕೆಯ ಪ್ರತಿಯೂ ಒಂದು ‘ಆವೃತ್ತಿ’ಯೇ, ಅದಕ್ಕೂ ಸಂಪಾದಕನಿರುತ್ತಾನೆ, ಇಲ್ಲವೇ ಸಂಪಾದಕನ ಕೊರತೆಯಿರುತ್ತದೆ.

ಈ ಮಾತಿಗೆ ಫ್ರಾನ್ಸಿನ ಮೌನಚಿತ್ರವೊಂದು ಉತ್ತಮ ನಿದರ್ಶನವಾಗಿದೆ. ಅಬೆಲ್ ಗಾನ್ಸ್ ನಿರ್ದೇಶಿಸಿದ ‘ಜಾಕ್ಯೂಸ್’ (ಅರ್ಥಾತ್ ‘ನಾನು ಆರೋಪಿಸುತ್ತೇನೆ’) ಮೊದಲ ಮಹಾಯುದ್ಧ ಮುಗಿದ ಕೆಲವೇ ತಿಂಗಳಲ್ಲಿ, 1919ರಲ್ಲಿ ಬಿಡುಗಡೆಯಾಯಿತು. ಸತ್ತ ಸೈನಿಕರು ರಣಭೂಮಿಯಿಂದೆದ್ದು ತಮ್ಮ ಊರುಗಳತ್ತ ನಡೆದುಬರುವ ಅದರ ದೃಶ್ಯ ಚಿತ್ರೇತಿಹಾಸದಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಹೆಣಗಳಾಗಿ ನಟಿಸಿದವರು ರಜೆಯ ಮೇಲೆ ಬಂದಿದ್ದ ನಿಜವಾದ ಯೋಧರು. ಅವರಲ್ಲಿ ಬಹುಮಂದಿ ಮರಳಿ ರಣರಂಗಕ್ಕೆ ಹೋಗಿ ಮಡಿದರೆಂದು ಗಾನ್ಸ್ ಮುಂದೆ ನೆನಪಿಸಿಕೊಂಡಿದ್ದಾನೆ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಕವಿ ಬ್ಲೇಸ್ ಸಾಂದ್ರಾರ್ ಗಾನ್ಸನಿಗೆ ಸಹಾಯಕನಾಗಿದ್ದುದಲ್ಲದೆ ಆ ಗುಂಪಿನಲ್ಲಿಯೂ ಕಾಣಿಸಿಕೊಂಡನು. ಇಂಥ ಚಿತ್ರದ ಒಂದೊಂದು ಚೌಕಟ್ಟೂ ದಾಖಲೆಯೇ ಸರಿ.

ಆದರೆ ಈ ಚಿತ್ರಕ್ಕೆ ಒಂದೇ ಪಾಠವಿರಲಿಲ್ಲ. ಗಾನ್ಸ್ 1922ರಲ್ಲಿ ಅದನ್ನು ಮೊಟಕುಗೊಳಿಸಿ ಮರುಸಂಕಲಿಸಿದನು. 1938ರಲ್ಲಿ ಅದೇ ಹೆಸರಿನ ವಾಕ್ಚಿತ್ರವನ್ನೇ ಬೇರೆಯಾಗಿ ತೆಗೆದನು. ನೆದರ್ಲೆಂಡ್ಸ್ ಚಲನಚಿತ್ರ ಸಂಗ್ರಹಾಲಯ ಹಾಗೂ ಪ್ಯಾರಿಸ್ಸಿನ ಲಾಬ್‌ಸ್ಟರ್ ಫಿಲ್ಮ್ಸ್ ಸಂಸ್ಥೆ ಬೇರೆ ಬೇರೆ ಕಡೆ ಉಳಿದಿದ್ದ ಪ್ರತಿಗಳನ್ನು ಕೂಡಿಸಿ ಮೊದಲ ರೂಪಕ್ಕೆ ಸಮೀಪವಾದ ಪಾಠವನ್ನು ಸಿದ್ಧಪಡಿಸಿದವು. 2008ರಲ್ಲಿ ಅಮೆರಿಕದ ಫ್ಲಿಕರ್ ಆಲಿ ಸಂಸ್ಥೆ ಅದನ್ನು ಎರಡು ಡಿವಿಡಿಗಳಲ್ಲಿ, ರಾಬರ್ಟ್ ಇಸ್ರೇಲ್ ಅವರ ಸಂಗೀತದೊಡನೆ ಹೊರತಂದಿತು. ಅವಧಿ ಸುಮಾರು 166 ನಿಮಿಷ. ಇಲ್ಲಿಯ ವರ್ಣಛಾಯೆಗಳು ಮೌನಚಿತ್ರಗಳ ಕಾಲದಲ್ಲೇ ಫಿಲ್ಮಿಗೆ ಬಣ್ಣ ಹಿಡಿಸುತ್ತಿದ್ದ ಪದ್ಧತಿಗೆ ಸೇರಿದವು. ಸಂಗೀತವಾದರೋ ಸ್ಪಷ್ಟವಾಗಿ ಇಂದಿನ ಸಂಪಾದಕರದು. ಮೂಲ ಯಾವುದು, ಸೇರ್ಪಡೆ ಯಾವುದು ಎಂಬುದನ್ನು ಬೇರ್ಪಡಿಸಿ ಹೇಳಬಲ್ಲ ಆವೃತ್ತಿಯೇ ಶಾಸ್ತ್ರೀಯ ಆವೃತ್ತಿ.

ಈ ಅಳತೆಗೋಲನ್ನು ಹಿಡಿದು ಹಾವೇರಿ ಜಿಲ್ಲೆಯ ಕಡೆಗೆ ನೋಡಬಹುದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಈ ಸೀಮೆಯಷ್ಟು ಸಂತರನ್ನು ತೆರೆಗೆ ಕೊಟ್ಟ ನೆಲ ಕನ್ನಡದಲ್ಲಿ ವಿರಳ. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರನ್ನು ಕುರಿತು ವೈ.ಆರ್. ಸ್ವಾಮಿ ‘ಭಕ್ತ ಕನಕದಾಸ’ವನ್ನು (1960), ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳೊಡನೆ ಹೆಸರು ಬೆಸೆದಿರುವ ಸರ್ವಜ್ಞನನ್ನು ಕುರಿತು ಆರೂರು ಪಟ್ಟಾಭಿ ‘ಸರ್ವಜ್ಞಮೂರ್ತಿ’ಯನ್ನು (1965) ನಿರ್ದೇಶಿಸಿದರು; ಎರಡರಲ್ಲಿಯೂ ನಾಯಕರು ರಾಜಕುಮಾರ್. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಸಿ. ಅಶ್ವತ್ಥರ ಸಂಗೀತದಿಂದ ಮನೆಮಾತಾಯಿತು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯನ್ನೂ ಪಡೆಯಿತು. ಹಾನಗಲ್ಲ ಕುಮಾರಸ್ವಾಮಿಗಳನ್ನು ಕುರಿತ ‘ವಿರಾಟಪುರ ವಿರಾಗಿ’ ತೆರೆಕಂಡದ್ದು 2023ರಲ್ಲಿ, ಫಿಲ್ಮಿನ ಯುಗ ಮುಗಿದ ಮೇಲೆ.

ಹಿಂದಿನ ಚಿತ್ರಗಳು ಮನೆಗಳಿಗೆ ಬಂದದ್ದು ಮೊದಲು ವಿಡಿಯೊ ಕ್ಯಾಸೆಟ್ಟಿನಲ್ಲಿ, ಅನಂತರ ವಿಸಿಡಿಯಲ್ಲಿ. ನಮ್ಮಲ್ಲಿ ರೂಢಿಯಲ್ಲಿದ್ದ ಪಾಲ್ ಪದ್ಧತಿಯ ವಿಸಿಡಿಯ ಚಿತ್ರಫಲಕದಲ್ಲಿ 352 ಅಡ್ಡ, 288 ಉದ್ದ ಬಿಂದುಗಳಷ್ಟೇ ಇರುತ್ತವೆ. ಡಿವಿಡಿಯಲ್ಲಿ 720 ಮತ್ತು 576. ಒಂದು ಮುದ್ರಿಕೆಯಲ್ಲಿ 80 ನಿಮಿಷಕ್ಕಿಂತ ಹೆಚ್ಚು ಹಿಡಿಸದ ಕಾರಣ ಚಿತ್ರವನ್ನು ಎರಡು ಮೂರು ತುಂಡು ಮಾಡಬೇಕಾಗುತ್ತಿತ್ತು. ಯಾವ ಪ್ರತಿಯಿಂದ ಇಳಿಸಿಕೊಂಡದ್ದು, ಯಾವ ಭಾಗ ಬಿಟ್ಟುಹೋಗಿದೆ ಎಂಬ ವಿವರವನ್ನು ಹೊದಿಕೆಯ ಮೇಲೆ ಕೊಡುವ ಪದ್ಧತಿ ನಮ್ಮ ಮಾರುಕಟ್ಟೆಯಲ್ಲಿ ಬೆಳೆಯಲಿಲ್ಲ. ನಾಯಕನಟನ ಭಾವಚಿತ್ರ ಮಾತ್ರ ಬಹು ದೊಡ್ಡದಾಗಿರುತ್ತಿತ್ತು.

2008ರಲ್ಲಿ ‘ಸತ್ಯ ಹರಿಶ್ಚಂದ್ರ’ಕ್ಕೂ 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೂ ಗಣಕಯಂತ್ರದಿಂದ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದುದನ್ನು ಜೀರ್ಣೋದ್ಧಾರವೆಂದು ಕೆಲವರು ಎಣಿಸಿದ್ದುಂಟು. ಪಾಠಸಂಪಾದನೆಯ ದೃಷ್ಟಿಯಿಂದ ಅದು ಪ್ರಕ್ಷಿಪ್ತವೇ. ಹೊಸ ಪ್ರೇಕ್ಷಕರನ್ನು ತಂದಿತೆಂಬುದು ಬೇರೆ ಮಾತು. ಇದಕ್ಕೆ ಪ್ರತಿಯಾಗಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದ ಮೂಲ ನೆಗೆಟಿವಿನಿಂದ ಜೀರ್ಣೋದ್ಧಾರ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಅಲ್ಲಿ ಕಪ್ಪು ಬಿಳುಪು ಕಪ್ಪು ಬಿಳುಪಾಗಿಯೇ ಉಳಿಯಿತು. ಮೂಲವೇ ಇಲ್ಲವಾದರೆ ಇಂಥ ಯಾವ ಪ್ರಯತ್ನಕ್ಕೂ ಎಡೆಯಿಲ್ಲ. ಇಂದ್ರಜಿತುವಿನ ಯುದ್ಧ ಮತ್ತು ಮರಣದ ಕಥೆಯನ್ನು ಹೇಳಿದ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿ ಉಳಿದುಬಂದಿಲ್ಲ. ಅದಕ್ಕಿಂತ ಹದಿನೈದು ವರ್ಷ ಹಳೆಯದಾದ ‘ಜಾಕ್ಯೂಸ್’ ಮನೆಯಲ್ಲಿ ಕುಳಿತು ನೋಡಲು ದೊರೆಯುತ್ತದೆ.

ಹಾವೇರಿ ಸೀಮೆಯ ಚಿತ್ರಗಳ ಪಾಠಶೋಧನೆಯನ್ನು ದೊಡ್ಡ ಪ್ರಯೋಗಾಲಯವಿಲ್ಲದೆಯೂ ಆರಂಭಿಸಲು ಬರುತ್ತದೆ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಹಾಗೂ ರೀಲುಗಳ ಸಂಖ್ಯೆ ನಮೂದಾಗಿರುತ್ತದೆ. 35 ಮಿ.ಮೀ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. ಆದುದರಿಂದ 13,500 ಅಡಿಯ ಚಿತ್ರದ ಅವಧಿ 150 ನಿಮಿಷ. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು ಸರಿಯುವುದರಿಂದ, ಒಂದು ದೃಶ್ಯವನ್ನೂ ಕತ್ತರಿಸದಿದ್ದರೂ ಅದೇ ಚಿತ್ರ 144 ನಿಮಿಷಕ್ಕೆ ಇಳಿಯಬಹುದು. ಮುದ್ರಿಕೆ 130 ನಿಮಿಷಕ್ಕೇ ಮುಗಿದರೆ ಕಾಣೆಯಾದ ಭಾಗ ಯಾವುದೆಂದು ಹುಡುಕಬೇಕು. ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಿಕೆಗಳು ಅಲ್ಲಿ ನೆರವಿಗೆ ಬರುತ್ತವೆ. ಶರೀಫರ ತತ್ತ್ವಪದಗಳನ್ನು ಹಾಡುಗಾರರ ಬಾಯಿಂದ ಬರೆದುಕೊಂಡಂತೆ, ಟೂರಿಂಗ್ ಟಾಕೀಸಿನಲ್ಲಿ ‘ಸರ್ವಜ್ಞಮೂರ್ತಿ’ಯನ್ನು ನೋಡಿದ ಹಿರಿಯರಿಂದ ಮರೆಯಾದ ದೃಶ್ಯಗಳನ್ನು ಕೇಳಿ ಬರೆದುಕೊಳ್ಳುವುದಕ್ಕೆ ಉಳಿದಿರುವ ಕಾಲ ಮಾತ್ರ ಹೆಚ್ಚಿಲ್ಲ.